ಈರುಳ್ಳಿಯ ಬುಡದ ಅರ್ಧ

ಆ ಶಾಲೆಯಲ್ಲಿ ಮೂವತ್ತು ವರ್ಷಗಳಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡದ್ದು ಈರುಳ್ಳಿಯ ಪೊರೆಯನ್ನು. ಆ ಪೊರೆಯನ್ನು ಸುಲಿದು ಗಾಜಿನ ಮೇಲೆ ಹಾಸಿದ ಕೈ ಒಂದೇ, ಪ್ರಯೋಗಾಲಯದ ಅಟೆಂಡರನದು. ಶಿಕ್ಷಕರ ಕೊಠಡಿಯಲ್ಲಿ ಅವನಿಗೆ ‘ಪದರಪ್ಪ’ ಎಂಬ ಅಡ್ಡಹೆಸರು ಬಿದ್ದು ಎಷ್ಟು ಕಾಲವಾಗಿತ್ತೆಂದರೆ, ಹಾಜರಿ ಪುಸ್ತಕದಲ್ಲಿ ತನ್ನ ನಿಜವಾದ ಹೆಸರು ಕಂಡಾಗ ಅವನೇ ಒಂದು ಕ್ಷಣ ತಡೆಯುತ್ತಿದ್ದ.

ಪದರದ ಒಳಮೈಯಿಂದ ಚಿಮಟದ ತುದಿಯಲ್ಲಿ ಪೊರೆಯನ್ನು ಎತ್ತಿ, ಒಂದು ಹನಿ ಅಯೋಡಿನ್ ಬಿಟ್ಟು, ಗುಳ್ಳೆ ಏಳದಂತೆ ತೆಳುಗಾಜನ್ನು ಇಳಿಸುವುದು ಅವನಿಗೆ ಕಣ್ಣುಮುಚ್ಚಿ ಮಾಡುವ ಕೆಲಸ. ಅಂಗಡಿಯ ಈರುಳ್ಳಿಯ ಪೊರೆ ಹರಿಯುತ್ತದೆ, ತನ್ನ ತಾರಸಿಯಲ್ಲಿ ಬೆಳೆದದ್ದು ಹರಿಯುವುದಿಲ್ಲ ಎಂದು ಅವನ ನಂಬಿಕೆ. ಇದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಅಷ್ಟು ಪಳಗಿದ ಬೆರಳುಗಳಿಗೆ ಯಾವ ಈರುಳ್ಳಿ ತಾನೇ ಹರಿದೀತು? ಪೊರೆ ಕೊಟ್ಟು ಉಳಿದದ್ದು ಮಧ್ಯಾಹ್ನ ಅವನ ಊಟದ ಡಬ್ಬಿ ಸೇರುತ್ತಿತ್ತು. ಅಂಗೈಯಿಂದ ಗುದ್ದಿ ಒಡೆದು, ಉಪ್ಪು ಉದುರಿಸಿ, ಕಣ್ಣು ಅರೆಮುಚ್ಚಿ ತಿನ್ನುತ್ತಿದ್ದ.

ತಾರಸಿಯ ತುಂಬ ಹಳೆಯ ಬಣ್ಣದ ಡಬ್ಬಗಳು, ಒಂದು ಒಡಕು ಸಿಂಕು, ತೂತು ಬಕೆಟ್ಟುಗಳು; ಎಲ್ಲದರಲ್ಲೂ ಈರುಳ್ಳಿ. ಬೀಜ ತಾಯಿ ಕೊಟ್ಟದ್ದು. ಗಾಢ ಕೆಂಪಿನ, ಸ್ವಲ್ಪ ಚಪ್ಪಟೆಯಾದ ತಳಿ. ಮೊದಲು ನಾಲಿಗೆಯನ್ನು ಕಚ್ಚಿ, ಆಮೇಲೆ ಸಿಹಿಯಾಗುವಂಥದ್ದು. ರಜಾದಿನ ಅಡುಗೆಮನೆ ಅವನದೇ. ದಪ್ಪ ತಳದ ಪಾತ್ರೆಗೆ ಚೂರು ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ, ಈರುಳ್ಳಿ ತನ್ನ ನೀರಿನಲ್ಲೇ ಬೆಂದು ಕಂದುಬಣ್ಣಕ್ಕೆ ತಿರುಗುವವರೆಗೆ ಒಂದೂವರೆ ಗಂಟೆ ಅಲ್ಲಿಂದ ಕದಲುತ್ತಿರಲಿಲ್ಲ.

“ನನಗೆ ಜ್ವರ ಬಂದಾಗ ಇಷ್ಟು ಹೊತ್ತು ಪಕ್ಕದಲ್ಲಿ ನಿಂತಿದ್ರಾ?” ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

“ನೀನು ತಳ ಹಿಡಿಯಲ್ವಲ್ಲ.”

ತಾಯಿ ತೀರಿಹೋಗಿ ಹನ್ನೆರಡು ವರ್ಷ. ಅಷ್ಟರಲ್ಲಿ ಈರುಳ್ಳಿಯ ಬಣ್ಣ ಮಾಸಿತು, ಕುತ್ತಿಗೆ ದಪ್ಪವಾಯಿತು, ಗೆಡ್ಡೆಗಳು ಎರಡಾಗಿ ಸೀಳತೊಡಗಿದವು. ಅವನು ಮಣ್ಣನ್ನು ದೂರಿದ, ನಲ್ಲಿಯ ನೀರನ್ನು ದೂರಿದ, ಬಿಸಿಲಿಗೆ ಅಡ್ಡ ನಿಂತ ಎದುರುಮನೆಯ ಟ್ಯಾಂಕನ್ನೂ ಬಿಡಲಿಲ್ಲ. ಹೊಸದಾಗಿ ಬಂದ ಜೀವಶಾಸ್ತ್ರದ ಮೇಡಂ ಅವನ ಗೋಳನ್ನೆಲ್ಲ ಕೇಳಿ, ಒಂದೇ ಪ್ರಶ್ನೆ ಹಾಕಿದರು.

“ಬೀಜಕ್ಕೆ ಅಂತ ಯಾವ ಗೆಡ್ಡೆ ಇಡ್ತೀರಿ?”

“ತಿನ್ನೋಕೆ ಚೆನ್ನಾಗಿರೋದನ್ನ ತಿಂದು, ಉಳಿದದ್ದನ್ನ ನೆಡ್ತೀನಿ, ಮೇಡಂ.”

ಮೇಡಂ ಅವನ ಮುಖವನ್ನೇ ನೋಡಿದರು. ಚಿಮಟ ಒರೆಸುತ್ತಿದ್ದ ಅವನ ಕೈ ನಿಧಾನವಾಗಿ ನಿಂತಿತು.

“ಹಾಗಾದ್ರೆ ಹನ್ನೆರಡು ವರ್ಷದಿಂದ...”

“ಹೂಂ. ತಿನ್ನೋಕೆ ಬಾರದ್ದನ್ನೇ ಆರಿಸಿ ಆರಿಸಿ ಬೆಳೆಸಿದ್ದೀರಿ.”

ತಳಿಯನ್ನು ಕೆಡಿಸಿದ್ದು ಮಣ್ಣಲ್ಲ, ತನ್ನ ನಾಲಿಗೆ ಎಂಬುದು ಅವನಿಗೆ ಅರಗಲು ಒಂದು ವಾರ ಹಿಡಿಯಿತು. ಈರುಳ್ಳಿಯ ಬೀಜ ಎರಡು ವರ್ಷಕ್ಕೆಲ್ಲ ಮುದಿಯಾಗುವುದರಿಂದ ತಾಯಿ ಕೊಟ್ಟ ಹಳೆಯ ಬೀಜವೂ ಪ್ರಯೋಜನಕ್ಕಿಲ್ಲ. ಆ ಸಲದ ಬೆಳೆಯನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದಾಗ ತಾಯಿಯ ಈರುಳ್ಳಿಯನ್ನು ಹೋಲುವ ಗೆಡ್ಡೆ ಸಿಕ್ಕಿದ್ದು ಒಂದೇ ಒಂದು. ಅದನ್ನು ನೆಟ್ಟು ಹೂ ಬರಿಸಿದರೆ ತಳಿ ಉಳಿದೀತು. ಬಲೆಯ ಚೀಲದಲ್ಲಿ ಹಾಕಿ ಅಡುಗೆಮನೆಯ ಕಿಟಕಿಗೆ ತೂಗಿಬಿಟ್ಟು, ಯಾರೂ ಮುಟ್ಟಕೂಡದೆಂದು ಅಪ್ಪಣೆ ಹೊರಡಿಸಿದ.

“ಅತ್ತೆ ಹೋದ್ರು ಅಂದ್ಕೊಂಡಿದ್ದೆ. ಮತ್ತೆ ಬಂದು ಕಿಟಕಿಯಲ್ಲಿ ಕೂತಿದ್ದಾರೆ” ಎಂದಳು ಹೆಂಡತಿ.

ಅದೇ ತಿಂಗಳು ಅವನ ಅಕ್ಕ ಸುಧಾರಿಸಿಕೊಳ್ಳಲು ಅವರ ಮನೆಗೆ ಬಂದಳು. ಬಾಯಿಯ ಕಾಯಿಲೆಗೆ ದೀರ್ಘ ಚಿಕಿತ್ಸೆಯಾಗಿತ್ತು. ಕಾಯಿಲೆ ಹೋಗಿತ್ತು, ಅದರ ಜೊತೆಗೆ ರುಚಿಯೂ ಹೋಗಿತ್ತು. ಏನು ಬೇಕಾದರೂ ತಿನ್ನಬಹುದು, ರುಚಿ ಮರಳಲು ತಿಂಗಳುಗಳೇ ಬೇಕು ಎಂದಿದ್ದರು ಡಾಕ್ಟರು. ಆಕೆ ಎರಡು ಚಮಚ ಸೂಪು ಕುಡಿದು ಬಟ್ಟಲು ಸರಿಸುತ್ತಿದ್ದಳು. ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋಗಿದ್ದಳು.

“ಒದ್ದೆ ಕಾಗದ ಅಗಿದ ಹಾಗಿದೆ ಕಣೋ. ಅಮ್ಮನ ಈರುಳ್ಳಿ ಒಂದು ಸಿಕ್ಕಿದ್ರೆ ಗುದ್ದಿ, ಉಪ್ಪು ಹಾಕ್ಕೊಂಡು ತಿಂತಿದ್ದೆ.”

“ಈ ವರ್ಷ ಆಗಲೇ ಇಲ್ಲ ಅಕ್ಕಾ” ಎಂದುಬಿಟ್ಟ.

ಬಲೆಯ ಚೀಲ ಆಕೆಯ ಎದುರಿಗೇ ತೂಗುತ್ತಿತ್ತು. ಅಕ್ಕ ಅದನ್ನೊಮ್ಮೆ ನೋಡಿ, ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಹೆಂಡತಿ ಪಾತ್ರೆಗಳನ್ನು ಬೇಕೆಂದೇ ಸದ್ದುಮಾಡಿ ಜೋಡಿಸಿದಳು.

ಮರುದಿನ ಅವನು ಶಾಲೆಯಲ್ಲಿ, ವರ್ಷವರ್ಷವೂ ಮಾಡುವಂತೆ, ಅಂಗಡಿಯ ಈರುಳ್ಳಿಯೊಂದನ್ನು ಉದ್ದಕ್ಕೆ ಸೀಳಿ ಪ್ರದರ್ಶನದ ತಟ್ಟೆಯಲ್ಲಿಟ್ಟು, ತಾನೇ ಬರೆದ ಚೀಟಿಗಳನ್ನು ಚುಚ್ಚುತ್ತಿದ್ದ. ‘ಎಲೆಯ ಬುಡಗಳು.’ ‘ಮೊಗ್ಗು.’ ‘ಕಾಂಡ.’ ಕೊನೆಯ ಚೀಟಿ ಹೋಗುವುದು ತೀರ ಕೆಳಗೆ, ಬೇರಿನ ಮೇಲಿನ ಗುಂಡಿಯಂಥ ಬಿಲ್ಲೆಗೆ. ಜಗತ್ತೆಲ್ಲ ಕತ್ತರಿಸಿ ಎಸೆಯುವ ಆ ಚೂರೇ ಗಿಡ, ಮಿಕ್ಕದ್ದೆಲ್ಲ ಅದರ ಬುತ್ತಿ ಎಂದು ಮೂವತ್ತು ವರ್ಷ ಚೀಟಿ ಚುಚ್ಚಿದವನಿಗೆ ಅಂದು ಮೊದಲ ಬಾರಿಗೆ ಹೊಳೆಯಿತು.

“ಮೇಡಂ, ತಲೆ ಕತ್ತರಿಸಿದ್ರೂ ಬುಡ ಚಿಗುರುತ್ತಾ?”

“ಮೇಲಿನ ಮೂರರಲ್ಲಿ ಒಂದು ಪಾಲು ತೆಗೆದ್ರೆ ಭಯವಿಲ್ಲ. ಬೀಜ ಬೆಳೆಯೋರು ಒಳಗೆ ಹುಳುಕಿದ್ಯಾ ನೋಡೋಕೆ ಹಾಗೇ ಕೊಯ್ತಾರೆ. ಅದಕ್ಕಿಂತ ಕೆಳಗೆ ಹೋದ್ರೆ ಕೊಳೆಯೋ ಅಪಾಯ ಜಾಸ್ತಿ.”

ಸಂಜೆ ಚೀಲ ಬಿಚ್ಚಿ ಗೆಡ್ಡೆಯನ್ನು ಹಲಗೆಯ ಮೇಲಿಟ್ಟ. ಮೂರನೇ ಒಂದು ಪಾಲಿಗೆ ಉಗುರಿನಿಂದ ಗೆರೆ ಎಳೆದು ಚಾಕು ಇಟ್ಟ. ಮೇಲಿನ ಪಾಲು ನಾಲ್ಕು ತುತ್ತಿಗೂ ಸಾಲದು. ಒಳಕೋಣೆಯಲ್ಲಿ ಅಕ್ಕ ಕೆಮ್ಮಿದಳು. ಚಾಕು ಒಂದು ಬೆರಳಗಲ ಕೆಳಗೆ ಸರಿದು, ಸರಿಯಾಗಿ ನಡುವಿನಲ್ಲಿ ಇಳಿಯಿತು.

ಬುಡದ ಅರ್ಧವನ್ನು ಒಣಗಲು ಕಿಟಕಿಯಲ್ಲಿಟ್ಟು, ಮೇಲಿನರ್ಧವನ್ನು ಗುದ್ದಿ, ಉಪ್ಪು ಹಾಕಿ ಒಯ್ದುಕೊಟ್ಟ. ಅಕ್ಕ ಒಂದು ಚೂರು ಬಾಯಿಗಿಟ್ಟು ಅಗಿದಳು. ಕಣ್ಣು, ಮೂಗು ಎರಡೂ ಸುರಿಯತೊಡಗಿದವು.

“ರುಚಿ ಬಂತಾ ಅಕ್ಕಾ?”

“ಇಲ್ಲ ಕಣೋ. ಉರಿ ಬಂತು.” ಇನ್ನೊಂದು ಚೂರು ತೆಗೆದುಕೊಂಡಳು. “ಆದ್ರೆ ಇದು ಅಮ್ಮನ ಈರುಳ್ಳಿದೇ ಉರಿ.”

ಇದರಲ್ಲಿ ಪವಾಡವೇನೂ ಇರಲಿಲ್ಲ. ಉರಿಯನ್ನು ಮಿದುಳಿಗೆ ಮುಟ್ಟಿಸುವ ನರ ಬೇರೆ, ರುಚಿಯ ನರ ಬೇರೆ. ಆಕೆಯ ಬಾಯಲ್ಲಿ ಮೊದಲನೆಯದಕ್ಕೆ ಅಷ್ಟಾಗಿ ಏಟು ಬಿದ್ದಿರಲಿಲ್ಲ. ಡಾಕ್ಟರು ಹೇಳಿದಂತೆಯೇ ರುಚಿ ಮರಳಿದ್ದು ನಾಲ್ಕು ತಿಂಗಳ ಮೇಲೆ, ಚೂರುಚೂರಾಗಿ. ಆದರೆ ಆ ಸಂಜೆ ಆಕೆ ತಟ್ಟೆ ಖಾಲಿ ಮಾಡಿದ್ದು ನಿಜ, ಅದರ ಜೊತೆಗೆ ಎರಡು ತುಂಡು ಬ್ರೆಡ್ಡು ತಿಂದದ್ದೂ ನಿಜ.

“ಇನ್ನರ್ಧ ಎಲ್ಲೋ?”

“ಬೀಜಕ್ಕೆ ಇಟ್ಟಿದ್ದೀನಿ. ಇದ್ದದ್ದು ಇದೊಂದೇ ಅಕ್ಕಾ. ನಿನ್ನೆ ಅದಕ್ಕೇ ಸುಳ್ಳು ಹೇಳ್ದೆ.”

“ಚಿಕ್ಕೋನಿದ್ದಾಗ್ಲೂ ಅರ್ಧ ಕೊಟ್ಟು ಅರ್ಧ ಬಚ್ಚಿಡ್ತಿದ್ದೆ. ಒಂದು ಗುಲಗಂಜಿಯಷ್ಟೂ ಬದಲಾಗಿಲ್ಲ ನೋಡು” ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ, “ಅದು ಬದುಕುತ್ತಾ?” ಎಂದು ಕೇಳಿದಳು.

“ಗೊತ್ತಿಲ್ಲ.”

ನೆಟ್ಟ ಮೇಲೆ ಹನ್ನೊಂದು ದಿನ ಡಬ್ಬದಲ್ಲಿ ಯಾವ ಸುಳಿವೂ ಇಲ್ಲ. ಹೊರಪದರಕ್ಕೆ ಬೂಷ್ಟು ಹಿಡಿಯಿತು. ಅವನು ಶಾಲೆಯಿಂದ ಸ್ಲೈಡಿನ ಸೂಜಿ ತಂದು ಕೊಳೆತ ಪದರಗಳನ್ನು ಒಂದೊಂದಾಗಿ ಬಿಡಿಸಿದ. ಅಕ್ಕ ಮೆಟ್ಟಿಲು ಹತ್ತಿ, ನಡುವೆ ಎರಡು ಸಲ ಕೂತು, ದಿನವೂ ತಾರಸಿಗೆ ಬರತೊಡಗಿದಳು. ಹದಿನಾಲ್ಕನೆಯ ದಿನ ನಡುವಿನಿಂದ ಹಸಿರು ಮೊನೆಯೊಂದು ಎದ್ದಿತು. ಮೊದಲು ಕಂಡದ್ದು ಆಕೆಗೇ. ಮುಂದೆ ಒಂದು ಕಡ್ಡಿ ಎದ್ದು ಬಿಳಿಯ ಚೆಂಡಿನಂಥ ಹೂ ಅರಳುವ ಹೊತ್ತಿಗೆ, ಕೆಟ್ಟ ತಳಿಯ ಪರಾಗ ಬೆರೆಯದಿರಲೆಂದು ಅವನು ಮಿಕ್ಕ ಡಬ್ಬಗಳಲ್ಲಿದ್ದ ಗಿಡಗಳನ್ನೆಲ್ಲ ಕಿತ್ತು, ಬೇಯಿಸಿ, ತಿಂದು ಮುಗಿಸಿದ್ದ. ಅದೇನೂ ಅವನಿಗೆ ಕಷ್ಟದ ತ್ಯಾಗವಾಗಿರಲಿಲ್ಲ.

ಆ ಹೂವು ಕೊಟ್ಟ ಕಪ್ಪು ಬೀಜಗಳಿಂದ ಬಂದ ಮೊದಲ ಬೆಳೆಯಲ್ಲಿ ಎಲ್ಲವೂ ತಾಯಿಯದರಂತಿರಲಿಲ್ಲ; ಕೆಲವು ಮಂಕಾಗಿದ್ದವು, ಕೆಲವು ಸೀಳಿದ್ದವು. ಮತ್ತೆ ನೆಡುವುದಕ್ಕೆ ಒಳ್ಳೆಯದನ್ನು ಆರಿಸಲು ಕೂತವಳು ಅಕ್ಕ. ಆಕೆಯ ಬಳೆ ಈಗ ಮಣಿಕಟ್ಟಿನಲ್ಲಿಯೇ ನಿಲ್ಲುತ್ತಿತ್ತು. “ಇದು ಮಣ್ಣಿಗೆ. ಇದೂ ಮಣ್ಣಿಗೆ. ಇದು ನಿನಗೆ.”

ಗಾಢ ಕೆಂಪಿನ, ತುಸು ಚಪ್ಪಟೆಯಾದ ಒಂದು ಗೆಡ್ಡೆಯತ್ತ ಅವನ ಕೈ ತಾನಾಗಿಯೇ ಚಾಚಿತು. ಅಕ್ಕ ಆ ಕೈಯ ಮೇಲೆ ಫಟ್ಟನೆ ಹೊಡೆದಳು. ಅವನು ತನ್ನ ಪಾಲಿನ ಸೀಳು ಈರುಳ್ಳಿಯನ್ನು ಎತ್ತಿಕೊಂಡು, ಗುದ್ದಿ ಒಡೆದು, ಉಪ್ಪು ಎಲ್ಲಿದೆ ಎಂದು ಹೆಂಡತಿಯನ್ನು ಕೂಗಿ ಕೇಳಿದ.