ಮೂರಕ್ಷರದ ಗಾಳಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮಂಗಳ ಗ್ರಹದ ಹನ್ನೊಂದು ಮಧ್ಯಾಹ್ನಗಳು ಕಾಣೆಯಾದದ್ದು ನನ್ನಿಂದ. ಕಳ್ಳತನವಲ್ಲ, ದುರುದ್ದೇಶವೂ ಅಲ್ಲ, ಬರೀ ಮಂಗಾಟ. ಮಂಗಳಕ್ಕೂ ಮಂಗನಿಗೂ ಇರುವ ನಂಟನ್ನು ಕಂಡುಹಿಡಿದವನು ಎಂದು ಬೇಕಾದರೆ ನನ್ನನ್ನು ಕರೆಯಬಹುದು.

ಎರಡು ಸಾವಿರದ ಹತ್ತರ ದಶಕದ ಕೊನೆಯ ವರ್ಷಗಳು. ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಪುಟ್ಟ ಆಫೀಸು. ಪರದೇಶದವರ ಲ್ಯಾಂಡರ್ ಒಂದು ಮಂಗಳದ ಮೇಲೆ ಕೂತು ಎರಡು ಬಗೆಯ ಡೇಟಾ ಕಳಿಸುತ್ತಿತ್ತು: ನೆಲದ ಕಂಪನ ಮತ್ತು ಅಲ್ಲಿಯ ಹವೆ. ಅದು ಯಾರ ಯಾರ ಕೈ ದಾಟಿಯೋ ನಮ್ಮಲ್ಲಿಗೆ ಬರುತ್ತಿತ್ತು. ಒಂದೊಂದು ಫೈಲಿಗೂ ಯಾವ ದಿನದ್ದು, ಯಾವ ಉಪಕರಣದ್ದು ಎಂದು ಲೇಬಲ್ ಬರೆದು, ಸಾಲಾಗಿ ಜೋಡಿಸಿ, ಶಾಶ್ವತವಾಗಿ ಕಾಪಿಡುವ ಸಂಗ್ರಹಕ್ಕೆ ಕಳಿಸುವುದು ನಮ್ಮ ಕೆಲಸ. ನನ್ನ ಅಮ್ಮ ಡೊಂಬಿವಲಿಯ ನೆರೆಯವರಿಗೆಲ್ಲ "ಮಗನಿಗೆ ಮಂಗಳದ ಕೆಲಸ" ಎಂದು ಹೇಳುತ್ತಿದ್ದರು; ಅವರೆಲ್ಲ ಅದನ್ನು ಮಂಗಳೂರು ಎಂದು ತಿಳಿದು, "ವಾರಕ್ಕೊಮ್ಮೆ ಬರ್ತಾನಾ?" ಎಂದು ಕೇಳುತ್ತಿದ್ದರು.

ಫೈಲುಗಳನ್ನು ನೋಡಿ ಪಟ್ಟಿಯಲ್ಲಿ ಷರಾ ಬರೆಯುವವನು ನಾನು. ಆ ಪಟ್ಟಿ ನೋಡಿಕೊಂಡು ಕಳಿಸಬೇಕಾದ ಫೈಲುಗಳ ಕಟ್ಟು ಕಟ್ಟುವವಳು ಬದಲಾಪುರದಿಂದ ಬರುತ್ತಿದ್ದ ಒಬ್ಬ ಮರಾಠಿ ಹುಡುಗಿ. ಅವಳ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆರು ತಿಂಗಳ ಟ್ರಯಲ್ ಮೇಲೆ ಸೇರಿದ್ದಳು, ಮುಗಿಯಲು ಎರಡೇ ವಾರ ಉಳಿದಿತ್ತು. ನಮ್ಮಿಬ್ಬರ ಮೇಲೆ ಉಡುಪಿ ಕಡೆಯ ಮ್ಯಾನೇಜರ್. ಷರಾದ ಕಾಲಮ್ಮಿನಲ್ಲಿ ನಾನು ಪುರಾಣ ಬರೆಯುತ್ತೇನೆಂದು ಅವರು ಒಂದು ಕಟ್ಟಳೆ ಮಾಡಿದ್ದರು.

"ಮೂರಕ್ಷರ ಮಾರಾಯ. ಮೂರೇ ಅಕ್ಷರ. ನಿನ್ನ ಕಥೆ ಓದ್ಲಿಕ್ಕೆ ಯಾರಿಗೂ ಪುರ್ಸೊತ್ತಿಲ್ಲ."

ಸರಿ, ಮೂರಕ್ಷರ. ಆದರೆ ಯಾವ ಭಾಷೆಯ ಮೂರಕ್ಷರವೆಂದು ಅವರು ಹೇಳಿರಲಿಲ್ಲ. ಧೂಳೆದ್ದ ದಿನಕ್ಕೆ ಡಿ-ಯು-ಎಲ್ ಎಂದು ಬರೆದೆ. ಥಂಡಿ ಹೆಚ್ಚಿದ್ದರೆ ಟಿ-ಎಚ್-ಎನ್. ಅಲ್ಲಿ ಮಧ್ಯಾಹ್ನ ಗಾಳಿ ಜೋರು. ಲ್ಯಾಂಡರಿನ ಕಾಲು ನಡುಗಿ, ಕಂಪನದ ಗೆರೆ ಬಿರುಗೂದಲಿನಂತೆ ಎದ್ದು ನಿಲ್ಲುತ್ತದೆ. ಇದು ನೆಲ ನಡುಗಿದ್ದಲ್ಲ, ಗಾಳಿ ಎಂದು ಮುಂದೆ ಓದುವವರಿಗೆ ತಿಳಿಯಲಿ ಎಂದು ಜಿ-ಎ-ಎಲ್. ಮಂಗಳ ಗ್ರಹದ ದಾಖಲೆಯಲ್ಲಿ ಕನ್ನಡ ಸೇರಿಸಿದೆನೆಂದು ಒಳಗೊಳಗೇ ಬೀಗಿದೆ. ರಾಜ್ಯೋತ್ಸವಕ್ಕೆ ಇನ್ನೇನು ಬೇಕು.

ಒಂದು ಶುಕ್ರವಾರ ಸಂಗ್ರಹದವರಿಂದ ಮೇಲ್ ಬಂತು. ಕಳಿಸಿದ ಕಂಪನದ ಡೇಟಾದಲ್ಲಿ ಹನ್ನೊಂದು ದಿನ ಮಧ್ಯಾಹ್ನದ ಫೈಲುಗಳೇ ಇಲ್ಲ, ಉಪಕರಣ ನಿಂತಿತ್ತೇ ಎಂದು ಕೇಳಿದ್ದರು. ಮ್ಯಾನೇಜರ್ ಅದನ್ನು ಎರಡು ಸಲ ಓದಿದರು.

"ಮಂಗಳದಲ್ಲೂ ಮಧ್ಯಾಹ್ನ ಹೋಟ್ಲು ಬಂದ್ ಮಾಡ್ತಾರಾ?"

ನಾನೊಬ್ಬನೇ ನಕ್ಕೆ. ಅವರು ನಗುತ್ತಿರಲಿಲ್ಲ. ಕಟ್ಟು ಕಟ್ಟಿದವಳನ್ನು ಕರೆದು, ಸೋಮವಾರ ಬೆಳಿಗ್ಗೆ ಬರವಣಿಗೆಯಲ್ಲಿ ಕಾರಣ ಕೊಡಬೇಕು, ಅದನ್ನು ನೋಡಿ ನಿನ್ನನ್ನು ಇಟ್ಟುಕೊಳ್ಳುವ ವಿಷಯ ಎಂದರು. ಮೂಲ ಫೈಲುಗಳು ಹಾರ್ಡ್‌ಡಿಸ್ಕಿನಲ್ಲಿ ಕ್ಷೇಮವಾಗಿದ್ದವು. ಅಪಾಯದಲ್ಲಿದ್ದದ್ದು ಅವಳ ಕೆಲಸ ಮಾತ್ರ.

ಸಂಜೆ ಇಬ್ಬರೂ ಒಂದೇ ಬಸ್ಸು. ದಾರಿಯ ಶೀಳಫಾಟಾ ಕೂಡುರಸ್ತೆಯಲ್ಲಿ ಎಂದಿನಂತೆ ಟ್ರಾಫಿಕ್ಕು. ಅವಳು ಕಿಟಕಿಯ ಆಚೆ ನೋಡುತ್ತ ಕೇಳಿದಳು: "ನೀನೇ ಹೇಳು, ನಾನು ಬರೆಯುವುದೇನು? ಗಾಳ ಎಂದು ನೀನು ಬರೆದಿದ್ದೆ, ನಾನು ಗಾಳಿಸಿದೆ."

"ಗಾಳ ಅಂದರೆ?"

"ಅರೇ, ಗಾಳ ಅಂದರೆ ಕೈಬಿಡು, ತೆಗೆದುಹಾಕು. ಶಾಲೆಯ ಪೇಪರಿನಲ್ಲಿ ಬರುತ್ತಿರಲಿಲ್ಲವಾ, ಗಾಳಲೇಲ್ಯಾ ಜಾಗಾ ಭರಾ?"

ಅಂದರೆ ನಮ್ಮ 'ಬಿಟ್ಟ ಸ್ಥಳ ತುಂಬಿರಿ'. ಧೂಳು ಮರಾಠಿಯಲ್ಲೂ ಧೂಳೇ, ಥಂಡಿಯೂ ಥಂಡಿಯೇ. ಎರಡು ಸರಿಯಾಗಿ ಓದಿಕೊಂಡವಳು ಮೂರನೆಯದನ್ನೂ ಮರಾಠಿಯೆಂದೇ ಓದಿದ್ದಳು. ಕನ್ನಡದಲ್ಲಿ ಓದಿದ್ದರೂ ಅದು ಗಾಳವೇ. ಸಿಕ್ಕಿಬಿದ್ದ ಮೀನು ನಾನು.

ಅದನ್ನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಕಂಡವರ ದನಿ ಅನುಕರಿಸುವುದು ನನ್ನ ಚಟ. ಹಿಂದಿನ ತಿಂಗಳಷ್ಟೇ ಮ್ಯಾನೇಜರರ ದನಿಯಲ್ಲಿ ಅವರ ಫೋನ್ ಎತ್ತಿ, ಅದು ಅವರ ಹೆಂಡತಿಯ ಕರೆಯಾಗಿ, ನನಗೆ ಕೊನೆಯ ಎಚ್ಚರಿಕೆ ಸಿಕ್ಕಿತ್ತು: "ಇನ್ನೊಂದು ಸಲ ಮಂಗಾಟ ಮಾಡಿದ್ರೆ ಬೇರೆ ಆಫೀಸು ನೋಡಿಕೋ." ಹಾಗಾಗಿ "ನೋಡೋಣ, ಏನಾದರೂ ಆಗುತ್ತೆ" ಎಂದೆ. ನನ್ನದೇ ದನಿಯಲ್ಲಿ ಹೇಳಿದ ಆ ಮಾತು ಯಾರದೋ ಕೆಟ್ಟ ಅನುಕರಣೆಯಂತೆ ಕೇಳಿಸಿತು. ಡೊಂಬಿವಲಿಯಲ್ಲಿ ಇಳಿದು ಅವಳು ಬದಲಾಪುರದ ಲೋಕಲ್ ಹಿಡಿಯಲು ಓಡಿದಳು.

ಆ ಎರಡು ದಿನ ಬಾಲ್ಕನಿಯಲ್ಲಿ ನಿಂತರೆ ಎಂಐಡಿಸಿ ಕಾರ್ಖಾನೆಗಳ ಕಡೆಯ ಗಾಳಿ ಎಂದಿನ ಕೆಮಿಕಲ್ ವಾಸನೆ ಹೊತ್ತು ಬರುತ್ತಿತ್ತು. ಗಾಳಿ ಎಂಬ ಶಬ್ದವೇ ಬೇಡವಾಗಿತ್ತು. ಭಾನುವಾರ ಅಮ್ಮ ನೀರುದೋಸೆ ಹಾಕುತ್ತ ಕೇಳಿದರು: "ಎಂತ, ಇವತ್ತು ನಿನ್ನ ಬಾಯಿಗೆ ಯಾರೂ ಬರ್ಲಿಲ್ವಾ? ಸೊಸೈಟಿ ಸೆಕ್ರೆಟರಿಯೂ ಇಲ್ಲ, ಟೇಶನ್ನಿನ ಅನೌನ್ಸ್‌ಮೆಂಟೂ ಇಲ್ಲ."

"ಗಂಟಲು ಸರಿಯಿಲ್ಲ."

"ಗಂಟಲಲ್ಲ. ಏನೋ ಮಾಡ್ಕೊಂಡು ಬಂದಿದ್ದಿ."

ದೋಸೆ ತಟ್ಟೆಗೆ ಬೀಳುವಾಗಲೇ ಇನ್ನೊಂದು ನೆನಪಾಯಿತು, ಮೊದಲಿನದಕ್ಕಿಂತ ಕೆಟ್ಟದ್ದು. ಕಟ್ಟು ಕಟ್ಟುವ ದಿನ ಅವಳು ಪಾರ್ಟಿಷನ್ನಿನ ಆಚೆಯಿಂದ ಕೇಳಿದ್ದಳು: "ಷರಾದಲ್ಲಿ ಇದ್ದ ಹಾಗೇ ಮಾಡಲಾ?" ನಾನು ತಲೆ ಎತ್ತದೆ ಮ್ಯಾನೇಜರರ ದನಿ ಮಾಡಿ, ಅವರ ಕರಾವಳಿ ಹಿಂದಿಯಲ್ಲಿ ಅಂದಿದ್ದೆ: "ತೀನ್ ಅಕ್ಷರ್ ಲಿಖಾ ಹೈ ನಾ? ಜೋ ಲಿಖಾ ಹೈ ವೋಹೀ ಕರೋ. ಸ್ಟೋರಿ ನಹೀ ಚಾಹಿಯೇ." ಬರೆದ ಹಾಗೆ ಮಾಡು, ಕಥೆ ಬೇಡ. ಸುತ್ತಲಿನವರು ನಕ್ಕಿದ್ದರು. ಅವಳು ನಕ್ಕಳೋ ಇಲ್ಲವೋ ನನಗೆ ಕಂಡಿರಲಿಲ್ಲ.

ಸೋಮವಾರ ಅವಳಿಗಿಂತ ಮೊದಲು ಕ್ಯಾಬಿನ್ನಿಗೆ ಹೋಗಬೇಕೆಂದು ಬೇಗ ಹೊರಟೆ. ಆದರೂ ಅವಳು ಆಗಲೇ ಅಲ್ಲಿ ನಿಂತಿದ್ದಳು. ಮಡಿಸಿದ ಕಾಗದ ಮ್ಯಾನೇಜರರ ಮೇಜಿನ ಮೇಲಿತ್ತು. ನಾನು ಬಾಗಿಲಲ್ಲೇ ಶುರುಮಾಡಿದೆ.

"ಸರ್, ಅದನ್ನು ಓದಬೇಡಿ. ಜಿ-ಎ-ಎಲ್ ಬರೆದದ್ದು ನಾನು. ಕನ್ನಡದ ಗಾಳಿ. ಇವರು ಮರಾಠಿಯಲ್ಲಿ ಓದಿದರು. ತಪ್ಪು ನನ್ನದು."

ಅವರು ಕನ್ನಡಕ ತೆಗೆದರು. "ಗಾಳಿಗೆ ಗಾಳಿ ಅಂತ ಬರೆದಿಯಾ? ಇಂಗ್ಲಿಷಿನಲ್ಲಿ ಶಬ್ದ ಇಲ್ವಾ?"

"ಇತ್ತು ಸರ್. ನಾಲ್ಕಕ್ಷರ."

ಆ ಉತ್ತರ ಬಾಯಿಂದ ಜಾರಿದ ಮೇಲೆ ನನಗೇ ಭಯವಾಯಿತು. ಪಾರ್ಟಿಷನ್ನಿನ ಮಾತನ್ನು ಮಾತ್ರ ನುಂಗಿಕೊಂಡೆ. ಅರ್ಧ ಒಪ್ಪಿಕೊಂಡವನ ಧೈರ್ಯ ಅಷ್ಟೇ ಇರುತ್ತದೆ. ಮ್ಯಾನೇಜರ್ ಆ ಕಾಗದವನ್ನು ಮುಟ್ಟದೆ ಅವಳತ್ತ ತಿರುಗಿ, ಹಿಂದಿಯಲ್ಲಿ ಕೇಳಿದರು: ಇವನಂತೂ ಮಂಗ, ನಿನಗಾದರೂ ಸಂಶಯ ಬರಬೇಕಿತ್ತಲ್ಲ, ಹನ್ನೊಂದು ಮಧ್ಯಾಹ್ನ ತೆಗೆದುಹಾಕುವ ಮೊದಲು ಒಂದು ಮಾತು ಕೇಳಬಾರದಿತ್ತೇ?

ಅವಳು ಕೊಟ್ಟ ಉತ್ತರದಿಂದಲೇ ಎಲ್ಲ ಮುಗಿಯಿತು. ಆ ಕಾಗದ ಬಿಚ್ಚಿಕೊಳ್ಳದೆಯೇ ಅವಳ ಕೈಗೆ ಮರಳಿತು. ಎರಡು ವಾರದ ಬಳಿಕ ಅವಳ ಕೆಲಸ ಕಾಯಂ ಆಯಿತು. ಮೂರಕ್ಷರದ ಕಟ್ಟಳೆ ಅವತ್ತೇ ಹೋಯಿತು. ಹನ್ನೊಂದು ಮಧ್ಯಾಹ್ನಗಳ ಬಿಟ್ಟ ಸ್ಥಳವನ್ನು ಒಂದೊಂದಾಗಿ ತುಂಬುವ ಕೆಲಸ, ಬಾಯಿ ಮುಚ್ಚಿಕೊಂಡು ಮಾಡಬೇಕೆಂಬ ಷರತ್ತಿನೊಂದಿಗೆ, ನನಗೆ ಬಂತು.

ಆ ಉತ್ತರ ಕೊಡುವಾಗ ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ಅವರನ್ನು.

"ಕೇಳಿದ್ದೆ ಸರ್. ಉತ್ತರ ನಿಮ್ಮ ದನಿಯಲ್ಲೇ ಬಂತು."