ನಾಲ್ವರಿಗೆ ನಲವತ್ತು ಪಾಕೀಟು

ಮಾಳಿಂಗ ಮಿಲಿಟರಿಯಿಂದ ಬಂದು ಹದಿನಾಲ್ಕು ತಿಂಗಳಾಗಿತ್ತು. ಅವನು ಸಾಲೋಟಗಿಯ ಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕುಳಿತದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಚಹಾ ನಿಂತೇ ಕುಡಿಯುತ್ತಿದ್ದ. ಉಣ್ಣಲು ಕುಳಿತರೆ ಒಂದು ಮೊಣಕಾಲು ಎತ್ತಿಯೇ ಇರುತ್ತಿತ್ತು, ಯಾರಾದರೂ ಕರೆದರೆ ಎದ್ದು ಓಡುವವನ ಹಾಗೆ. ನಸುಕಿನಲ್ಲಿ ಇಂಡಿ ಪಟ್ಟಣದ ದಾರಿ ಹಿಡಿದು ನಡೆದುಹೋಗಿ, ಬಿಸಿಲೇರುವ ಮೊದಲು ತಿರುಗಿ ಬರುತ್ತಿದ್ದ. ಅಲ್ಲೇನು ಕೆಲಸವಿತ್ತು ಎಂದು ಹೆಂಡತಿ ಮಾಲಾ ಕೇಳಿದರೆ, ಏನೂ ಇರಲಿಲ್ಲ ಎನ್ನುತ್ತಿದ್ದ.

ಹದಿನೇಳು ವರ್ಷದ ನೌಕರಿಯಲ್ಲಿ ಬಹಳ ಕಾಲ ಅವನು ಹಿಮದ ಗುಡ್ಡಗಳ ಮೇಲಿದ್ದ. ಅಲ್ಲಿ ಒಬ್ಬನಿಗೆ ದಿನಕ್ಕೊಂದು ಪಾಕೀಟು ಊಟ. ಅದನ್ನು ಹರಿದು ಬಾಯಿಗೆ ಹಾಕಿಕೊಳ್ಳುವಾಗೆಲ್ಲ ತಾಯಿ ಚಂದವ್ವನ ಕಡಕ್ ರೊಟ್ಟಿ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ ನೆನಪಾಗುತ್ತಿದ್ದವು. ತಿಂಗಳಾದರೂ ಕೆಡದ ಊಟ ನಮ್ಮ ಮನೆಯಲ್ಲೇ ಇರುವಾಗ, ದೂರ ನಡೆಯುವವರಿಗೆ ಅದನ್ನೇ ಕಟ್ಟಿ ಮಾರಬಾರದೇಕೆ ಎಂಬ ವಿಚಾರ ಅಲ್ಲಿಯೇ ತಲೆಯನ್ನು ಹೊಕ್ಕಿತ್ತು.

ಬಸವನ ಬಾಗೇವಾಡಿಯ ಗುರಲಿಂಗಪ್ಪ ವರ್ಷಕ್ಕೊಮ್ಮೆ ನೂರು ಮಂದಿಯನ್ನು ಕಟ್ಟಿಕೊಂಡು ಶ್ರೀಶೈಲಕ್ಕೆ ನಡೆದುಹೋಗುವವನು. ಅವನು ಮಾಳಿಂಗನ ಮನೆಯ ಶೇಂಗಾ ಉಂಡಿಯ ರುಚಿ ನೋಡಿ ಮೆಚ್ಚಿ ತಲೆಯಾಡಿಸಿದ. ಮೊದಲು ಕುರಿ ಕಾಯುವವರು ಹತ್ತು ದಿನ ಇದನ್ನೇ ತಿಂದು ನಡೆಯಲಿ, ಅವರಿಗೆ ಸಾಲಿದರೆ ತನ್ನ ನೂರು ಮಂದಿಗೂ ಇಲ್ಲಿಂದಲೇ ಒಯ್ಯುವೆ ಎಂದ. ಸಾಲದಿದ್ದರೆ ಮಾಳಿಂಗನಿಗೆ ಉಳಿದದ್ದು ಇಂಡಿಯ ಒಂದು ಗೋದಾಮಿನ ಗೇಟು ಕಾಯುವ ಕೆಲಸ. ಹದಿನೈದು ದಿನದೊಳಗೆ ಹೂಂ ಅನ್ನಬೇಕಿತ್ತು. ಆ ಗೇಟಿನ ಕುರ್ಚಿಯನ್ನು ಅವನು ಹೋಗಿ ನೋಡಿ ಬಂದಿದ್ದ. ನೀಲಿ ಪ್ಲಾಸ್ಟಿಕ್ಕಿನದು, ಒಂದು ಕಾಲಿಗೆ ತಂತಿ ಸುತ್ತಿದ್ದರು. ದಿನಕ್ಕೆ ಹನ್ನೆರಡು ತಾಸು ಅದರಲ್ಲಿ ಕೂರಬೇಕು.

ಅವನ ಕಾಕಾ ಸೋಮನಿಂಗ ಮೂವರನ್ನು ಜೊತೆಗೆ ಕರೆದುಕೊಂಡು, ಕುರಿ ಹೊಡೆದುಕೊಂಡು ಮುದ್ದೇಬಿಹಾಳದ ಕಡೆ ಹೊರಡುವವನಿದ್ದ. ನಾಲ್ವರಿಗೆ ಹತ್ತು ದಿನ, ನಲವತ್ತು ಪಾಕೀಟು. ಒಂದೊಂದರಲ್ಲೂ ಮುರಿದ ನಾಲ್ಕು ಕಡಕ್ ರೊಟ್ಟಿ, ಒಂದು ಮುಷ್ಟಿ ಹಿಂಡಿ, ಎಳ್ಳು-ಶೇಂಗಾ-ಬೆಲ್ಲ ಕುಟ್ಟಿ ಕಟ್ಟಿದ ಮೂರು ಉಂಡಿ. ಮಾಲಾ ಸಣ್ಣ ಉರಿಯಲ್ಲಿ ಹುರಿದಳು. ಮಾಳಿಂಗ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ ಪ್ಲಾಸ್ಟಿಕ್ ಪಾಕೀಟಿನ ಬಾಯಿ ಮುಚ್ಚಿ, ಮೇಲೆ ದಿನದ ಅಂಕಿ ಬರೆದ.

ಚಂದವ್ವ ಹೊಸ್ತಿಲ ಹತ್ತಿರ ಕುಳಿತು ನೋಡುತ್ತಿದ್ದಳು. "ದಿನಕ್ಕ ಒಂದ ಜಾಸ್ತಿ ಇಡೋ, ತಮ್ಮಾ."

"ಮಂದಿ ನಾಲ್ಕ ಅದಾರ, ಯವ್ವಾ. ಐದನೇದು ಯಾರಿಗೆ?"

"ಯಾರ ಬರ್ತಾರಂತ ಮೊದಲ ಗೊತ್ತಿರ್ತೈತೇನು?"

ಅವನು ನಕ್ಕ. ಜಾಸ್ತಿ ಇಡಲಿಲ್ಲ.

ಕುರಿ ಹೊರಟು ಐದನೆಯ ದಿನ ಶುಕ್ರವಾರ. ಸೋಮನಿಂಗನ ಫೋನು ಹತ್ತುತ್ತಿರಲಿಲ್ಲ. ಮಾಳಿಂಗ ಅಂಗಳದ ಸೌದೆಯನ್ನು ಈ ಗೋಡೆಯಿಂದ ಆ ಗೋಡೆಗೆ ಒಟ್ಟಿದ, ಮತ್ತೆ ಇತ್ತ ತಂದು ಒಟ್ಟಿದ. ಮಾಲಾ ಬೈಕಿನ ಚಾವಿ ತಂದು ಅವನ ಕೈಗಿಟ್ಟಳು. "ಹೋಗಿ ನೋಡಿ ಬರ್ರಿ. ನೀವು ಹಿಂಗ ತಿರಗೂದು ನೋಡಿ ನನಗ ಚಕ್ಕರ್ ಬರಾಕತ್ತೈತಿ."

ಸಿಂದಗಿ ದಾಟಿ ತಾಳಿಕೋಟೆಯ ರಸ್ತೆಯಲ್ಲಿ ಸ್ವಲ್ಪ ಮುಂದೆ, ಕಟಾವಾದ ಹೊಲದಲ್ಲಿ ಕುರಿಗಳು ಕಂಡವು. ಬೇವಿನ ನೆರಳಲ್ಲಿ ಕಂಬಳಿ ಹಾಸಿತ್ತು. ಅದರ ಸುತ್ತ ಕುಳಿತವರು ನಾಲ್ವರಲ್ಲ, ಏಳು ಮಂದಿ. ಪಂಪು ರಿಪೇರಿಗೆ ಬಂದಿದ್ದ ಯಾಕೂಬಸಾಬ ಎಂಬವನೂ ಅಲ್ಲಿದ್ದ. ನಡುವೆ ಇದ್ದದ್ದು ಪಕ್ಕದ ಹೊಲದ ಮನೆಯವರು ಕೊಟ್ಟ ರೊಟ್ಟಿ. ಮರದ ಬುಡದಲ್ಲಿ ಖಾಲಿ ಪಾಕೀಟುಗಳನ್ನು ನೀಟಾಗಿ ಮಡಚಿ ಕಲ್ಲು ಹೇರಿದ್ದರು. ಮಾಳಿಂಗ ಎಣಿಸಿದ. ನಲವತ್ತೂ ಇದ್ದವು.

"ಕಾಕಾ, ಒಬ್ಬಗ ದಿವಸಕ್ಕ ಒಂದ ಅಂತ ಹೇಳಿದ್ನೆಲ್ಲ?"

"ಹೇಳಿದ್ದಿ." ಸೋಮನಿಂಗ ಬಾಯಲ್ಲಿದ್ದ ತುತ್ತು ನುಂಗಿದ. "ಬುತ್ತಿ ಬಿಚ್ಚಿದ್ದು ಕಂಡಾವ್ನ ಕರೀಬಾರ್ದೇನು? ಬೆನ್ನ ತಿರುವಿ ತಿನ್ನಾಕ ನಾವೇನ ಕಳ್ಳರೇನು?"

ಮೊದಲ ದಿನವೇ ನಾಲ್ಕೂ ಒಡೆದು ಕಂಬಳಿಯ ಮೇಲೆ ಸುರುವಿದ್ದರಂತೆ. ದಾರಿಯಲ್ಲಿ ಹೋಗುವವನೊಬ್ಬ ನೋಡಿದ, ಕರೆದರು. ಅವನಿಗಾಗಿ ಐದನೆಯದನ್ನು ಒಡೆದರು. ಹೀಗೇ ನಿನ್ನೆಗೆ ಎಲ್ಲ ಮುಗಿದಿತ್ತು. ಉಂಡಿ ಮಾತ್ರ ಕಲ್ಲಾಗಲಿಲ್ಲ, ಹಿಂಡಿ ಮುಗ್ಗುವಾಸನೆ ಹಿಡಿಯಲಿಲ್ಲ ಎಂದು ಎಲ್ಲರೂ ಹೇಳಿದರು. ಇನ್ನೂ ಇದೆಯೇ ಎಂದು ಯಾಕೂಬಸಾಬ ಕೇಳಿದ.

ಮಾಳಿಂಗ ಖಾಲಿ ಪಾಕೀಟುಗಳನ್ನು ಇನ್ನೊಮ್ಮೆ ನೋಡಿದ. ಅಪ್ಪನ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಇದೇ ರೀತಿ ಕರೆದು ಕೂರಿಸಿ ಉಂಡು ಬೆಳೆದವನು ಅವನು. ಒಬ್ಬನ ಹೊಟ್ಟೆ ಎಷ್ಟು, ಹೆಗಲು ಎಷ್ಟು ಭಾರ ತಾಳೀತು, ಎಲ್ಲ ಲೆಕ್ಕ ಹಾಕಿದ್ದ. ಪಕ್ಕದಲ್ಲಿ ಯಾರು ಬಂದು ಕೂರುತ್ತಾರೆ ಎಂಬುದನ್ನು ಬಿಟ್ಟಿದ್ದ.

ನಿಂತಲ್ಲಿಂದಲೇ ಗುರಲಿಂಗಪ್ಪನಿಗೆ ಫೋನು ಹಚ್ಚಿದ. "ಸಾಲಲಿಲ್ರಿ. ನಾಲ್ಕ ದಿನಕ್ಕ ಮುಗದಾವು." ನಡೆದದ್ದನ್ನೆಲ್ಲ ಇದ್ದಂತೆ ಹೇಳಿದ. ಆ ಕಡೆ ಗುರಲಿಂಗಪ್ಪ ಬಹಳ ಹೊತ್ತು ನಕ್ಕ. ತನ್ನ ಮಂದಿಯೂ ಹಾಗೇ ಇದ್ದಾರೆ, ಈ ವರ್ಷ ನೂರು ಮಂದಿಗೆ ಬೇಡ ಎಂದ. ಮಾಳಿಂಗನ ಕಣ್ಣೆದುರು ನೀಲಿ ಕುರ್ಚಿ ಬಂತು. ಅಷ್ಟರಲ್ಲಿ ಗುರಲಿಂಗಪ್ಪ ಮತ್ತೆ ಮಾತಾಡಿದ. "ಹತ್ತು ಮಂದೀದ ಒಂದು ಗುಂಪಿಗೆ ಕಟ್ಟಿಕೊಡ್ರಿ, ನೋಡೂಣು. ಬಿಡಿ ಪಾಕೀಟು ಬ್ಯಾಡ, ದೊಡ್ಡ ಗಂಟಾಗಲಿ."

ಮಾಳಿಂಗ ಆಮೇಲೆ ಮನೆಗೆ ಹಚ್ಚಿದ. ಮಾಲಾ ಫೋನನ್ನು ಚಂದವ್ವನ ಕಿವಿಗೆ ಹಿಡಿದಳು.

"ಯವ್ವಾ, ಹತ್ತು ಮಂದಿ ಹೊಂಟ್ರ ಎಷ್ಟ ಮಂದೀದ ಕಟ್ಟಬೇಕು?"

"ಯಾವ ದಾರೀಲೆ ಹೊಂಟಾರ?"

ಅದು ಅವನಿಗೆ ಗೊತ್ತಿರಲಿಲ್ಲ.

ಸೋಮನಿಂಗ ಜಾಗ ಬಿಟ್ಟುಕೊಟ್ಟು ಕೂರಲು ಹೇಳಿದ. ಮಾಳಿಂಗ ಒಂದು ಮೊಣಕಾಲು ಎತ್ತಿಯೇ ಕುಳಿತು ಅರ್ಧ ರೊಟ್ಟಿ ತಿಂದ. ಕೈ ತೊಳೆದವನು ಗೋದಾಮಿನವರಿಗೆ ಫೋನು ಮಾಡಿ, ಬರುವುದಿಲ್ಲ ಎಂದಷ್ಟೇ ಹೇಳಿದ. ಬಾಗೇವಾಡಿಯಿಂದ ಶ್ರೀಶೈಲಕ್ಕೆ ನಡೆಯುವವರ ದಾರಿ ಯಾವುದು, ಅಲ್ಲಿ ಹೊಲದ ಮನೆಗಳೆಷ್ಟು, ಬಾವಿಗಳೆಷ್ಟು, ನೆರಳಿರುವುದು ಎಲ್ಲೆಲ್ಲಿ ಎಂದು ನೋಡಬೇಕಿತ್ತು. ಬೈಕನ್ನು ಮನೆಯ ಕಡೆ ತಿರುಗಿಸದೆ ಬಾಗೇವಾಡಿಯ ಕಡೆಗೇ ಹೊಡೆದ.