ಕಾಲ್ಪನಿಕ ಬಡ್ತಿ

ತರೀಕೆರೆಯಲ್ಲಿ ನಾವಿದ್ದ ಇಲಾಖೆಯ ಕ್ವಾರ್ಟರ್ಸು ಜೋಡಿ ಮನೆ. ನಡುವೆ ಒಂದೇ ಗೋಡೆ, ಹಿತ್ತಲಲ್ಲಿ ಇಬ್ಬರಿಗೂ ಸೇರಿ ಒಂದೇ ನಲ್ಲಿ. ಪಕ್ಕದ ಮನೆಯವರ ಮುಖ ಕಂಡರೆ ನನಗಾಗುತ್ತಿರಲಿಲ್ಲ. ಇವತ್ತಿಗೂ ಆಗುವುದಿಲ್ಲ. ವಯಸ್ಸಾದ ಮೇಲೆ ಎಲ್ಲವನ್ನೂ ಮರೆತು ಕ್ಷಮಿಸಬೇಕು ಎಂದು ಮಠದ ಸ್ವಾಮಿಗಳು ಹೇಳುತ್ತಾರೆ. ಹೇಳಲಿ. ಅವರಿಗೇನು ಬಡ್ತಿಯ ಚಿಂತೆಯೇ, ಸೀನಿಯಾರಿಟಿ ಪಟ್ಟಿಯ ಚಿಂತೆಯೇ?

ನನ್ನ ಯಜಮಾನರು ಡಿಪ್ಲೊಮಾ ಓದಿ ಜೂನಿಯರ್ ಎಂಜಿನಿಯರ್ ಆಗಿ ಸರ್ಕಾರಿ ಕೆಲಸಕ್ಕೆ ಸೇರಿದವರು. ಪಕ್ಕದ ಮನೆಯಾತ ಡಿಗ್ರಿ ಮಾಡಿ ಅಸಿಸ್ಟೆಂಟ್ ಎಂಜಿನಿಯರ್ ಆಗಿ ಬಂದವನು, ನಮ್ಮವರಿಗಿಂತ ಬಹಳ ಚಿಕ್ಕವನು. ಇಬ್ಬರ ಕಣ್ಣೂ ಮೇಲಿನ ಒಂದೇ ಕುರ್ಚಿಯ ಮೇಲೆ, ಉಪವಿಭಾಗದ ಅಧಿಕಾರಿಯ ಕುರ್ಚಿ. ಆ ಕುರ್ಚಿಗಳಲ್ಲಿ ಡಿಪ್ಲೊಮಾದವರಿಗೆ ಎಷ್ಟು ಪಾಲು, ಡಿಗ್ರಿಯವರಿಗೆ ಎಷ್ಟು ಪಾಲು ಎಂದು ಸರ್ಕಾರ ನಿಯಮ ಮಾಡುತ್ತಿತ್ತು. ಮಾಡಿದ ನಿಯಮವನ್ನು ಆಮೇಲೆ ತಾನೇ ತಿದ್ದುತ್ತಿತ್ತು. ಯಾರ ಪಾಲು ಕಡಿಮೆಯಾಯಿತೋ ಅವರು ಹೈಕೋರ್ಟಿಗೆ ಹೋಗುತ್ತಿದ್ದರು. ಅಣ್ಣತಮ್ಮಂದಿರ ಹಿಸ್ಸೆ ಜಗಳವಾದರೂ ಒಂದಲ್ಲ ಒಂದು ದಿನ ಮುಗಿದೀತು, ಇದು ಮುಗಿಯುವಂಥದ್ದಲ್ಲ. ಬೆಂಗಳೂರಿನಲ್ಲಿ ಯಾರೋ ಒಂದು ಸಾಲು ತಿದ್ದಿದರೆ ನಮ್ಮ ನಲ್ಲಿಯ ಹತ್ತಿರ ಕೊಡಗಳು ಢಣಢಣ ಎನ್ನುತ್ತಿದ್ದವು.

ಆ ಮನೆಯ ಹೆಂಗಸು ನನಗೆ ಕೇಳಲೆಂದೇ ಮಗನಿಗೆ ಬುದ್ಧಿ ಹೇಳುತ್ತಿದ್ದಳು. “ಚೆನ್ನಾಗ್ ಓದ್ಕೊಳೋ. ಇಲ್ದಿದ್ರೆ ಡಿಪ್ಲೊಮಾ ಮಾಡ್ಕೊಂಡು ಗಾರೆ ಕಲಸ್ಬೇಕಾಗುತ್ತೆ.”

ನಾನೇನು ಬಿಡುವವಳೇ? ನಮ್ಮ ಎಮ್ಮೆಗೆ ಹುಲ್ಲು ಹಾಕುತ್ತಾ ಗಟ್ಟಿಯಾಗಿ ಹೇಳಿದೆ, “ತಿನ್ನವ್ವಾ, ತಿನ್ನು. ಡಿಗ್ರಿ ಮಾಡ್ದೋರು ಕಟ್ಸಿದ್ ಮೋರಿ ಮೇಲೆ ಮಾತ್ರ ಹೋಗ್ಬೇಡ, ಕುಸ್ದು ಬಿದ್ದೀಯ.” ಆ ವರ್ಷ ಅವಳ ಗಂಡ ಕಟ್ಟಿಸಿದ್ದ ಮೋರಿಯೊಂದು ಮೊದಲ ಮಳೆಗೇ ಬಾಯಿ ಬಿಟ್ಟಿತ್ತು. ಅವಳು ಕೊಡ ತುಂಬುವುದನ್ನೂ ಬಿಟ್ಟು ಒಳಗೆ ಹೋದಳು. ಆ ದಿನ ನನಗೆ ಊಟ ರುಚಿಯಾಗಿತ್ತು.

ಗಂಡಸರದು ಇನ್ನೂ ವಿಚಿತ್ರ. ನಮ್ಮವರದು ಅಜ್ಜಂಪುರದ ಕಡೆಯ ಕೆಲಸ, ಆತನದು ತರೀಕೆರೆಯದು, ಆದರೆ ಇಬ್ಬರಿಗೂ ಇದ್ದದ್ದು ಒಂದೇ ಜೀಪು. ಚಿಕ್ಕಮಗಳೂರಿಗೆ ಮೀಟಿಂಗಿಗೆ ಹೋಗುವಾಗ ಒಬ್ಬರು ಮುಂದೆ ಕೂರುತ್ತಿದ್ದರು, ಇನ್ನೊಬ್ಬರು ಹಿಂದೆ. ಮಾತೆಲ್ಲ ಡ್ರೈವರ್ ಸಾಬರ ಮೂಲಕ. “ಹಿಂದಿನ್ ಸಾಹೇಬ್ರಿಗೆ ಧೂಳಂತೆ ಸಾರ್, ನಿಧಾನಕ್ ಹೋಗು ಅಂತಾರೆ.” “ಮುಂದಿನ್ ಸಾಹೇಬ್ರು ಲೇಟಾಗುತ್ತೆ ಅಂತಾರೆ ಸಾರ್.” ಮೊಳದಷ್ಟು ಅಂತರದಲ್ಲಿ ಕೂತವರಿಗೆ ಈ ಬಡಪಾಯಿ ದುಭಾಷಿ.

ಕೊನೆಗೂ ಆದೇಶ ಬಂತು. ನಮ್ಮವರಿಗೆ ಬಡ್ತಿ, ಕಡೂರು ಉಪವಿಭಾಗಕ್ಕೆ. ನಿವೃತ್ತಿ ಹತ್ತಿರವಿತ್ತು. ಆ ಕುರ್ಚಿ ಸಿಕ್ಕರೆ ಈಗ, ಇಲ್ಲದಿದ್ದರೆ ಈ ಜನ್ಮದಲ್ಲಿಲ್ಲ. ಡಿಗ್ರಿಯವರು ಆಗಲೇ ತಡೆಯಾಜ್ಞೆ ಕೇಳಿ ಕೋರ್ಟಿಗೆ ಹೋಗಿದ್ದರು. ಪಕ್ಕದ ಮನೆಯಾತ ಅದಕ್ಕೆಂದೇ ರಜೆ ಹಾಕಿ ಬೆಂಗಳೂರಿನಲ್ಲಿ ಠಿಕಾಣಿ ಹೂಡಿದ್ದ. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದೇನು ಎಂಬುದು ಇಲಾಖೆಯ ಜವಾನನಿಗೂ ಗೊತ್ತಿತ್ತು. ಆಜ್ಞೆ ಬರುವುದರೊಳಗೆ ಚಾರ್ಜ್ ತೆಗೆದುಕೊಂಡು ಕುರ್ಚಿಯಲ್ಲಿ ಕೂತುಬಿಡಬೇಕು. ಕೋರ್ಟು ಯಥಾಸ್ಥಿತಿ ಎನ್ನುತ್ತದೆ. ಆಗ ಕೂತವನು ಕೂತಲ್ಲೇ, ನಿಂತವನು ನಿಂತಲ್ಲೇ.

ಬೆಳಿಗ್ಗೆ ಅವರು ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಹೊರಟಾಗ ನಾನು ಬಾಗಿಲವರೆಗೂ ಹೋದೆ. “ರೀ, ಹೋದ ತಕ್ಷಣ ಸೈನ್ ಹಾಕ್ಬಿಡಿ. ಕಾಫಿ ಕುಡಿಯೋಕೂ ನಿಲ್ಬೇಡಿ.”

“ಆಯ್ತು ಕಣೇ, ಎಷ್ಟ್ ಸಲ ಹೇಳ್ತೀಯ,” ಎಂದರು. ನಾನು ಒಳಗೆ ಬಂದು ಹೋಳಿಗೆಗೆ ಬೇಳೆ ಬೇಯಲು ಇಟ್ಟೆ.

ಸಂಜೆ ಜೀಪು ಬಂತು. ಅವರು ನನ್ನ ಮುಖ ನೋಡದೆ ಬಚ್ಚಲಿಗೆ ಹೋದರು. ಆದದ್ದನ್ನು ಹೇಳಿದವರು ಡ್ರೈವರ್ ಸಾಬರು.

“ಬೆಳಿಗ್ಗೇನೇ ತಲುಪಿದ್ವಮ್ಮಾ. ಕಾಗ್ದ ಎಲ್ಲಾ ರೆಡಿ ಇಟ್ಟಿದ್ರು. ಸಾಹೇಬ್ರು ಪೆನ್ ತೆಗೆದ್ರು, ಆಮೇಲೆ ಮುಚ್ಚಿ ಜೇಬ್ಗೆ ಹಾಕ್ಕೊಂಡ್ರು. ಎಮ್ಮೆದೊಡ್ಡಿ ರೋಡಿನ್ ಜಲ್ಲಿ ಅಳೀದೆ ಸೈನ್ ಹಾಕಲ್ಲ ಅಂದ್ಬಿಟ್ರು.”

ಚಾರ್ಜ್ ಪತ್ರಕ್ಕೆ ಸಹಿ ಹಾಕಿದರೆ ರಸ್ತೆ ಬದಿಯಲ್ಲಿ ಸುರಿದ ಜಲ್ಲಿ, ಡಾಂಬರಿನ ಡ್ರಮ್ಮು ಎಲ್ಲವೂ ಸಹಿ ಹಾಕಿದವನ ತಲೆಗೆ. ಕಡಿಮೆ ಬಿದ್ದರೆ ಅವನೇ ಹೊಣೆ. ನಿಜ. ಆದರೆ ಲೋಕದಲ್ಲಿ ಎಲ್ಲರೂ ಮೊದಲು ಸಹಿ ಹಾಕಿ ಆಮೇಲೆ ಅಳೆಯುತ್ತಾರೆ, ಇಲ್ಲವೇ ಅಳೆಯುವುದೇ ಇಲ್ಲ. ಇವರು ಟೇಪು ಹಿಡಿದು ಹೋದರು. ಪಕ್ಕದ ಹುಲ್ಲುಗಾವಲಿನ ದನಗಳು ಹತ್ತಿ ತುಳಿದು ಜಲ್ಲಿಯ ಗುಡ್ಡೆಗಳು ಚೆಲ್ಲಾಪಿಲ್ಲಿಯಾಗಿದ್ದವಂತೆ. ಆಳುಗಳನ್ನು ಕರೆಸಿ, ಮತ್ತೆ ಗುಡ್ಡೆ ಹಾಕಿಸಿ, ಮೇಲೆ ಮಟ್ಟ ಮಾಡಿಸಿ, ಒಂದೊಂದನ್ನೇ ಅಳೆದರಂತೆ. ಕಡೂರಿಗೆ ವಾಪಸಾಗುವಷ್ಟರಲ್ಲಿ ಪಕ್ಕದ ಮನೆಯಾತ ಕೋರ್ಟಿನ ಆದೇಶ ಹಿಡಿದು ಕಚೇರಿಯ ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಯಥಾಸ್ಥಿತಿ. ನಮ್ಮವರು ನಿಂತಲ್ಲೇ.

“ಜಲ್ಲಿ ಕಮ್ಮಿ ಇತ್ತಾ?” ಎಂದು ಕೇಳಿದೆ.

“ಬಾಳ ಕಮ್ಮಿ ಇತ್ತಮ್ಮಾ. ಸಾಹೇಬ್ರು ಹೇಳಿದ್ದು ಸರಿನೇ.”

ಸರಿಯಂತೆ! ಆ ಸರಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ಇನ್ಯಾರೋ ತಿಂದ ಜಲ್ಲಿಗಾಗಿ. ರುಬ್ಬಿಟ್ಟ ಹೂರಣವನ್ನೆಲ್ಲ ಎಮ್ಮೆಯ ಬಾನಿಗೆ ಸುರಿದೆ. ಆ ರಾತ್ರಿ ಪಕ್ಕದ ಮನೆಯಲ್ಲಿ ಕೇಸರಿಬಾತಿನ ತುಪ್ಪ ಘಮಘಮ ಎನ್ನುತ್ತಿತ್ತು. ಅವರ ಮನೆ ಹಾಳಾಗಲಿ ಎಂದು ಬಾಯಿಬಿಟ್ಟೇ ಶಪಿಸಿದೆ.

ಕೇಸು ಮುಗಿಯುವವರೆಗೆ ಕಡೂರಿನ ಪ್ರಭಾರ ಕೊಟ್ಟದ್ದು ಯಾರಿಗೆ? ಅವನಿಗೇ. ಒಂದು ಕಲ್ಲನ್ನೂ ಮುಟ್ಟಿ ನೋಡದೆ ಸಹಿ ಹಾಕಿದ. ಆ ಜಲ್ಲಿಯ ಬಗ್ಗೆ ಯಾವತ್ತಾದರೂ ಯಾರಾದರೂ ಕೇಳಿದರೇ? ಒಬ್ಬರೂ ಕೇಳಲಿಲ್ಲ. ನಾನು ಹಾಕಿದ ಶಾಪಗಳಲ್ಲಿ ಒಂದಾದರೂ ತಗುಲಬಾರದೇ? ಅವನಿಗೆ ಒಂದು ನೆಗಡಿಯೂ ಬರಲಿಲ್ಲ. ನಮ್ಮವರು ಅಜ್ಜಂಪುರದ ಅದೇ ಹಳೆಯ ಮೇಜಿನಿಂದಲೇ, ಜೂನಿಯರ್ ಎಂಜಿನಿಯರ್ ಆಗಿಯೇ ನಿವೃತ್ತರಾದರು. ನಾವು ಅಲ್ಲೇ ಸ್ಟೇಷನ್ ಹತ್ತಿರ ಬಾಡಿಗೆ ಮನೆ ಹಿಡಿದೆವು.

ವರ್ಷಗಳಾದ ಮೇಲೆ ತೀರ್ಪು ಬಂತು. ಗೆದ್ದವರು ಡಿಪ್ಲೊಮಾದವರು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ನಮ್ಮವರು ಅಂದಿನಿಂದಲೇ ಬಡ್ತಿ ಪಡೆದಿದ್ದರೆಂದು ಭಾವಿಸತಕ್ಕದ್ದು ಎಂದು ಸರ್ಕಾರ ಆದೇಶ ಹೊರಡಿಸಿತು. ಅದಕ್ಕೊಂದು ಹೆಸರೂ ಇತ್ತು, ಕಾಲ್ಪನಿಕ ಬಡ್ತಿ. ಕುರ್ಚಿಯಿಲ್ಲ, ಜೀಪಿಲ್ಲ, ಎದ್ದು ನಿಂತು ನಮಸ್ಕಾರ ಹೇಳುವವರಿಲ್ಲ. ಭಾವಿಸಿಕೊಂಡು ಕೂತಿರಬೇಕು. ಹಳೆಯ ಸಹೋದ್ಯೋಗಿಗಳು ಹಾರ ತಂದು ಹಾಕಿ, ಕಾಫಿ ಕುಡಿದು, ಬೀರೂರಿನ ಬಸ್ಸು ಹತ್ತಿ ಹೋದರು.

ನಮ್ಮವರು ಹಾರವನ್ನು ತೆಗೆದು ಮೊಳೆಗೆ ತಗುಲಿಸಿದರು. ನಾನು ಲೋಟಗಳನ್ನು ಎತ್ತುತ್ತಿದ್ದೆ.

“ಏನೇ,” ಎಂದರು. “ಆವತ್ತು ನಾನು ಅಳೀದೇನೇ ಸೈನ್ ಹಾಕ್ಬೇಕಾಗಿತ್ತಾ?”

ಅಷ್ಟು ವರ್ಷದಲ್ಲಿ ಆ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ನಾನು ಬೈದದ್ದೆಲ್ಲ ಪಕ್ಕದ ಮನೆಯವರನ್ನು, ಕೋರ್ಟನ್ನು, ಸರ್ಕಾರವನ್ನು.

“ಹೂಂ ಕಣ್ರೀ, ಹಾಕ್ಬೇಕಾಗಿತ್ತು,” ಎಂದೆ.

ಅವರು ಮೊಳೆಯಲ್ಲಿ ವಾಲಿದ್ದ ಹಾರವನ್ನು ನೆಟ್ಟಗೆ ಮಾಡಿದರು.

“ನೀನಾದ್ರೂ ಇಲ್ಲ ಅಂತೀಯ ಅನ್ಕೊಂಡಿದ್ದೆ,” ಎಂದರು.